ದೆಹಲಿಯ ಹೂದೋಟ, ನಮ್ಮೂರ ಬೋರ್‌ವೆಲ್: ಒಂದು ಶಾಲೆಯ ಅಂಗಳದ ಪ್ರಕರಣ

2024ರ ಏಪ್ರಿಲ್‌ನ ಒಂದು ಬೆಳಿಗ್ಗೆ, ಏಳು ಗಂಟೆಗೇ ಬಿಸಿಲು ಚುರುಗುಟ್ಟುತ್ತಿದ್ದಾಗ, ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯ ಅಂಗಳದಲ್ಲಿ ಚಪ್ಪಲಿ ಕಳಚಿ ನಿಂತೆ. ಹುಲ್ಲುಹಾಸಿನ ಕಷ್ಟಸುಖ ವಿಚಾರಿಸಲು ಅಂಗಾಲಿಗಿಂತ ಒಳ್ಳೆಯ ಉಪಕರಣ ತೋಟಗಾರಿಕೆ ಇಲಾಖೆಯ ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕಿಲ್ಲ. ಹೆಜ್ಜೆ ಇಟ್ಟರೆ ಹಪ್ಪಳ ಮುರಿದ ಸದ್ದು. ಅಂಗಳದ ನಡುವೆ ಎರಡು ಸಿಮೆಂಟ್ ಕಾಲುವೆ, ಅಡ್ಡಕ್ಕೊಂದು ಉದ್ದಕ್ಕೊಂದು. ಅವು ಕೂಡುವ ಜಾಗದಲ್ಲಿ ತಾವರೆ ಆಕಾರದ ಕಾರಂಜಿ. ತಾವರೆಯ ದಳದೊಳಗೆ ಕಡಲೆಕಾಯಿ ಸಿಪ್ಪೆ, ಒಂದು ಹಳೇ ಟೆನಿಸ್ ಚೆಂಡು. ಎರಡು ಬದಿಯಲ್ಲೂ ಸಾಲಾಗಿ ನಲವತ್ತು ರೋಜಾ ಗುಂಡಿ. ಜೀವ ಇದ್ದದ್ದು ಹನ್ನೊಂದರಲ್ಲಿ. ಬಗ್ಗಿ ನೋಡಿದರೆ ಅದರಲ್ಲೂ ಏಳು ಗಿಡ ಕಸಿ ಗಂಟಿನ ಕೆಳಗಿಂದ ಬಂದ ಕಾಡು ಚಿಗುರು. ಮೇಲಿನ ಜಾತಿ ಗುಲಾಬಿ ಸತ್ತು ಬೇರಿನ ಗಿಡ ಮಾತ್ರ ಬದುಕಿತ್ತು.

"ಮೂರೇ ತಿಂಗಳು ಸಾರ್," ಅಂದರು ಹೆಡ್‌ಮಾಸ್ಟರು. "ಜನವರಿ ಇಪ್ಪತ್ತಾರಕ್ಕೆ ಉದ್ಘಾಟನೆ. ಆವತ್ತು ನೋಡ್ಬೇಕಿತ್ತು ನೀವು."

ನಾನು ಬಂದಿರಲಿಲ್ಲ. ಆದರೆ ಈ ಕಥೆಯಲ್ಲಿ ನನ್ನ ಪಾಲೂ ಇದೆ. ಡಿಸೆಂಬರ್‌ನಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು ಫೋನ್ ಮಾಡಿ, "ಯಾವ ಹುಲ್ಲು ಹಾಕಿಸ್ಲಿ?" ಎಂದು ಕೇಳಿದ್ದಾಗ, ಮದುವೆ ಊಟದ ಪಂಕ್ತಿಯಲ್ಲಿ ಕೂತಿದ್ದ ನಾನು "ಮೆಕ್ಸಿಕನ್ ಹಾಕ್ಸಿ, ಚೆನ್ನಾಗಿ ಬರ್ತದೆ" ಅಂದುಬಿಟ್ಟಿದ್ದೆ. ಜಾಗ ನೋಡಲಿಲ್ಲ, ನೀರೆಷ್ಟು ಅಂತ ಕೇಳಲಿಲ್ಲ. ಶಾಲೆಯ ಹೆಸರು, ಜನರ ಹೆಸರು ಇಲ್ಲಿ ಬೇಡ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ದೆಹಲಿ ಪ್ರವಾಸ

2023ರ ಫೆಬ್ರುವರಿಯಲ್ಲಿ ಶಾಲಾ ಸಮಿತಿಯ ಆರು ಜನ ಕಾಶಿ, ದೆಹಲಿ ಸುತ್ತಿ ಬಂದಿದ್ದರು. ಆ ವರ್ಷ ಜನವರಿ ಕೊನೆಯಲ್ಲಷ್ಟೇ ರಾಷ್ಟ್ರಪತಿ ಭವನದ ಮೊಘಲ್ ಗಾರ್ಡನ್‌ಗೆ ಅಮೃತ ಉದ್ಯಾನ ಎಂದು ಹೊಸ ಹೆಸರಿಟ್ಟಿದ್ದರು. ಟಿವಿಯಲ್ಲಿ ಅದೇ ಸುದ್ದಿ, ಹಾಗಾಗಿ ನೋಡಲೇಬೇಕು ಎಂದು ಸರತಿಯಲ್ಲಿ ನಿಂತು ನೋಡಿ ಬಂದರು. ಅಧ್ಯಕ್ಷರ ಮೊಬೈಲ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಫೋಟೋ. ಕೆಂಪು ಕಲ್ಲಿನ ಕಾಲುವೆ, ತಾವರೆ ಕಾರಂಜಿ, ರತ್ನಗಂಬಳಿ ಹಾಸಿದ ಹಾಗೆ ಹುಲ್ಲು, ಪಟ್ಟೆ ಪಟ್ಟೆಯಾಗಿ ಹೂವು. ಊರಿಗೆ ಬಂದವರೇ ಹಳೇ ವಿದ್ಯಾರ್ಥಿಗಳಿಂದ ಚಂದಾ ಎತ್ತಿದರು. ಫೋಟೋ ನೋಡಿಕೊಂಡೇ ಬೆಂಗಳೂರಿನ ಒಬ್ಬ ಗುತ್ತಿಗೆದಾರ ನಕ್ಷೆ ಬರೆದ. ನೂರು ಅಡಿ ಉದ್ದ, ಅರವತ್ತು ಅಡಿ ಅಗಲದ ಹುಲ್ಲುಹಾಸು, ನಡುವೆ ಕಾಲುವೆ.

ಅವರು ನೋಡಿದ್ದು ಸುಳ್ಳಲ್ಲ. ಆದರೆ ನೋಡಿದ್ದು ಫೆಬ್ರುವರಿಯನ್ನು ಮಾತ್ರ.

ಆ ತೋಟದ ಪಂಚಾಂಗವೇ ಬೇರೆ. ಚಳಿಗಾಲದ ಹೂವಿನ ಬೀಜ ಮಳೆ ಕಳೆದ ಮೇಲೆ ಒಟ್ಲಲ್ಲಿ ಬೀಳುತ್ತದೆ, ಚಳಿ ಶುರುವಾದಾಗ ಪೈರು ಮಡಿಗೆ ಏರುತ್ತದೆ, ಫೆಬ್ರುವರಿ-ಮಾರ್ಚ್‌ಗೆ ಹೂವು ಸಿಡಿಯುತ್ತದೆ. ದೆಹಲಿಯ ಬೇಸಿಗೆ ಬಂದರೆ ಅವೆಲ್ಲ ಮಣ್ಣು. ಬಾಬು ರಾಜೇಂದ್ರ ಪ್ರಸಾದರು ಜನಸಾಮಾನ್ಯರಿಗೆ ಬಾಗಿಲು ತೆರೆದ ಕಾಲದಿಂದ ವಸಂತದ ಆ ಕೆಲವು ವಾರವೇ ಅದರ ಹಬ್ಬದ ಕಾಲ. ಹೂವಿಗೆ ಊರೂರಿಗೆ ಬೇರೆ ಬೇರೆ ಕಾಲ. ನಮ್ಮ ಕಡೆ ಫೆಬ್ರುವರಿ ಎಂದರೆ ಕೆರೆ ತಳ ಕಾಣುವ ಹೊತ್ತು. ಈ ಶಾಲೆಯಲ್ಲಿ ಹುಲ್ಲು ಹಾಸಿದ್ದು ಜನವರಿಯಲ್ಲಿ. ಅದೂ 2023ರ ಮಳೆ ಕೈಕೊಟ್ಟು, ರಾಜ್ಯದ ಹೆಚ್ಚುಕಮ್ಮಿ ಎಲ್ಲ ತಾಲ್ಲೂಕನ್ನೂ ಬರಪೀಡಿತ ಎಂದು ಘೋಷಿಸಿದ ಮೇಲೆ.

ಆ ತೋಟ ಹುಟ್ಟಿದ ಬಗೆ

ಸಮಿತಿಯವರಿಗೆ ಅಂದು ಹೇಳಿದ್ದನ್ನೇ ಇಲ್ಲೂ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ತೋಟದ ಚರಿತ್ರೆ ಗೊತ್ತಿದ್ದಿದ್ದರೆ ಆ ಕಾಲುವೆಗೆ ಅವರು ಅಷ್ಟು ಸಿಮೆಂಟ್ ಸುರಿಯುತ್ತಿರಲಿಲ್ಲ.

1911ರ ಡಿಸೆಂಬರ್‌ನಲ್ಲಿ ರಾಜಧಾನಿ ಕಲ್ಕತ್ತೆಯಿಂದ ದೆಹಲಿಗೆ ಎಂದು ಘೋಷಣೆಯಾಯಿತು. ವೈಸರಾಯ್ ಮನೆ ಕಟ್ಟುವ ಹೊಣೆ ಎಡ್ವಿನ್ ಲಟ್ಯೆನ್ಸ್‌ಗೆ ಬಿತ್ತು. ಆಗಿನ ವೈಸರಾಯ್ ಹಾರ್ಡಿಂಜ್. ಅವರ ಪತ್ನಿ ಲೇಡಿ ಹಾರ್ಡಿಂಜ್ ಕಾಶ್ಮೀರದ ಮೊಘಲ್ ತೋಟಗಳಿಗೆ ಮನಸೋತವರು. ಹೊಸ ಮನೆಯ ಹಿಂದೆಯೂ ಅಂಥದ್ದೇ ಬೇಕು ಎಂಬ ಆಸೆ ಅಲ್ಲಿಂದ ಬಂತು. 1914ರಲ್ಲಿ ಆಕೆ ತೀರಿಕೊಂಡರು, ತೋಟ ಕಣ್ಣಾರೆ ಕಾಣಲಿಲ್ಲ. ನಕ್ಷೆ ಸಿದ್ಧವಾದದ್ದು 1917ರ ಹೊತ್ತಿಗೆ, ಗಿಡ ನೆಟ್ಟದ್ದು 1928–29ರಲ್ಲಿ. ನೆಡುವ ಕೆಲಸ ನೋಡಿಕೊಂಡವರು ವಿಲಿಯಂ ಮಸ್ಟೋ ಎಂಬ ತೋಟಗಾರಿಕೆ ನಿರ್ದೇಶಕರು. 1931ರ ಜನವರಿಯಲ್ಲಿ ವೈಸರಾಯ್ ಇರ್ವಿನ್ ಮೊದಲು ಆ ಮನೆಗೆ ಕಾಲಿಟ್ಟರು. ಒಟ್ಟು ಆವರಣ 330 ಎಕರೆ, ಅದರಲ್ಲಿ ಈ ಮುಖ್ಯ ತೋಟ 15 ಎಕರೆ. ಉತ್ತರ-ದಕ್ಷಿಣಕ್ಕೆ ಎರಡು ಕಾಲುವೆ, ಪೂರ್ವ-ಪಶ್ಚಿಮಕ್ಕೆ ಎರಡು. ಕೂಡುವೆಡೆಗಳಲ್ಲಿ ತಾವರೆಯಾಕಾರದ ಆರು ಕಾರಂಜಿ.

ಕಾಶ್ಮೀರದ ಶಾಲಿಮಾರ್, ನಿಶಾತ್‌ಗಳಲ್ಲಿ ಕಾಲುವೆ ಇರುವುದು ಅಂದಕ್ಕಷ್ಟೇ ಅಲ್ಲ. ಹಿಂದಿರುವ ಬೆಟ್ಟದಿಂದ ನೀರು ತಾನಾಗಿ ಇಳಿದು ಬರುತ್ತದೆ. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಹರಿಸಿ ಗಿಡಕ್ಕೆ ಕೊಟ್ಟು ಕೆರೆಗೆ ಬಿಡುತ್ತಾರೆ. ನೀರು ಮೊದಲು, ನಕ್ಷೆ ಆಮೇಲೆ. ದೆಹಲಿಗೆ ಬರುವಷ್ಟರಲ್ಲಿ ನಕ್ಷೆ ಮೊದಲಾಯಿತು, ನೀರನ್ನು ಪಂಪು ಮಾಡಿ ತಂದರು. ಸಾಮ್ರಾಜ್ಯಕ್ಕೆ ಆ ತಾಕತ್ತಿತ್ತು. ಅದೇ ನಕ್ಷೆ ಚಿಕ್ಕಬಳ್ಳಾಪುರಕ್ಕೆ ಬಂದಾಗ ನೀರು 1,180 ಅಡಿ ಕೆಳಗಿತ್ತು.

ಆಳಿನ ಲೆಕ್ಕ ಇನ್ನೊಂದು. ವೈಸರಾಯ್ ಕಾಲದಲ್ಲಿ ಆ ತೋಟಕ್ಕೆ 418 ಜನ ತೋಟಗಾರರಿದ್ದರು ಎಂಬ ಲೆಕ್ಕ ಪ್ರಸಿದ್ಧವಾಗಿದೆ. ಅವರಲ್ಲಿ 50 ಹುಡುಗರಿಗೆ ಹಕ್ಕಿ ಓಡಿಸುವುದಷ್ಟೇ ಕೆಲಸ. ನಮ್ಮ ಶಾಲೆಯಲ್ಲಿ ಇದ್ದದ್ದು ಒಬ್ಬ ಅಕ್ಕ, ಅರ್ಧ ದಿನದ ಕೂಲಿಗೆ. ಪೈಪು ಹಿಡಿಯುವುದು, ಕಸ ಗುಡಿಸುವುದು, ಬಿಸಿಯೂಟದ ಪಾತ್ರೆ ತೊಳೆಯುವುದು ಎಲ್ಲ ಆಕೆಯೇ.

ಇನ್ನು ಹುಲ್ಲು. ನನಗೆ ಬಹಳ ಇಷ್ಟವಾದ ಸಂಗತಿ ಇದು. ರಾಷ್ಟ್ರಪತಿ ಭವನದ ಹುಲ್ಲುಹಾಸಿನಲ್ಲಿರುವುದು 'ದೂಬ್', ಮೊದಲಿಗೆ ಕಲ್ಕತ್ತೆಯ ಬೆಲ್ವೆಡೆರ್ ಎಸ್ಟೇಟಿನಿಂದ ತಂದದ್ದು. ದೂಬ್ ಅಂದರೆ ಬೇರೇನಲ್ಲ, ನಮ್ಮ ಗರಿಕೆ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಅಷ್ಟೂ ಹುಲ್ಲನ್ನು ಕಿತ್ತೆಸೆದು, ಹೊಸ ಮೇಲ್ಮಣ್ಣು ಹರಡಿ ಬಿಡುತ್ತಾರೆ. ಮೂರು ವಾರದಲ್ಲಿ ಮತ್ತೆ ಹಸಿರು ಕೂಡುತ್ತದೆ. ಅಂದರೆ ಅಧ್ಯಕ್ಷರು ಫೋಟೋ ಹಿಡಿದ ಆ ರತ್ನಗಂಬಳಿಯ ವಯಸ್ಸು ಒಂದು ವರ್ಷಕ್ಕೂ ಕಮ್ಮಿ! ನಮ್ಮ ಹೊಲದ ಬದುವಿನಲ್ಲಿ ಕಿತ್ತರೂ ಸಾಯದೆ ರಾಗಿ ಪೈರಿಗೆ ಕಾಟ ಕೊಡುವ ಅದೇ ಗರಿಕೆಯ ಮೇಲೆ ವಿದೇಶಿ ಪ್ರಧಾನಿಗಳು ಕಾಲಿಟ್ಟು ನಡೆಯುತ್ತಾರೆ. ಇಲ್ಲಿ ನಾವು ಅದನ್ನು ಕಳೆ ಎಂದು ಕಿತ್ತು ಹಾಕಿಸಿ, ಚದರ ಅಡಿಗಿಷ್ಟು ಎಂದು ದುಡ್ಡು ಕೊಟ್ಟು ಸುರುಳಿ ಸುತ್ತಿದ ಹುಲ್ಲು ಲಾರಿಯಲ್ಲಿ ತರಿಸಿದ್ದೆವು. 'ನಾವು' ಎಂದದ್ದು ಬೇಕೆಂದೇ.

ಏನು ತಪ್ಪಿತು

ನೀರಿನ ಲೆಕ್ಕ ಹೆಡ್‌ಮಾಸ್ಟರ ಕೋಣೆಯ ಕರಿಹಲಗೆ ಮೇಲೇ ಆಯಿತು. 6,000 ಚದರ ಅಡಿ ಅಂದರೆ ಸುಮಾರು 557 ಚದರ ಮೀಟರ್. ನಮ್ಮ ಬೇಸಿಗೆಯಲ್ಲಿ ಇಂಥ ಹುಲ್ಲಿಗೆ ದಿನಕ್ಕೆ ಚದರ ಮೀಟರಿಗೆ ಐದು ಲೀಟರ್ ಬೇಕು ಎಂದಿಟ್ಟುಕೊಂಡರೂ 2,800 ಲೀಟರ್ ಆಯಿತು. ಶಾಲೆಯಲ್ಲಿ ಮುನ್ನೂರು ಮಕ್ಕಳು. ಕುಡಿಯಲು, ಕೈತೊಳೆಯಲು, ಬಿಸಿಯೂಟಕ್ಕೆ, ಶೌಚಾಲಯಕ್ಕೆ ತಲೆಗೆ ಹತ್ತು ಲೀಟರ್ ಹಿಡಿದರೆ ಮೂರು ಸಾವಿರ. ಹುಲ್ಲಿನ ರೂಪದಲ್ಲಿ ಇನ್ನೊಂದು ಶಾಲೆಯನ್ನೇ ಅಂಗಳದಲ್ಲಿ ಸೇರಿಸಿಕೊಂಡ ಹಾಗಾಗಿತ್ತು. ಬೋರ್‌ವೆಲ್ ನಲವತ್ತು ನಿಮಿಷ ನೀರು ಎತ್ತಿ ಆಮೇಲೆ ಗಾಳಿ ಉಗುಳುತ್ತಿತ್ತು. ಮಾರ್ಚ್ ಎರಡನೇ ವಾರದಿಂದ ಟ್ಯಾಂಕರ್. ಒಂದು ದಿನ ಟ್ಯಾಂಕರ್ ಬರಲಿಲ್ಲ. ಮಕ್ಕಳಿಗೋ ಹುಲ್ಲಿಗೋ ಎಂಬ ಪ್ರಶ್ನೆ ಬಂತು. ಅಕ್ಕ ಯಾರನ್ನೂ ಕೇಳದೆ ಪೈಪನ್ನು ಅಡುಗೆಮನೆ ಡ್ರಮ್ಮಿಗೆ ಹಾಕಿದರು. ಅವರ ಮೇಲೆ ಸಮಿತಿಯಲ್ಲಿ ಒಬ್ಬರು ರೇಗಿದರಂತೆ. ಈ ಇಡೀ ಪ್ರಕರಣದಲ್ಲಿ ನನಗೆ ಕಂಡ ಒಂದೇ ಸರಿಯಾದ ತೀರ್ಮಾನ ಅಕ್ಕನದು.

ಹೆಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ) ಯೋಜನೆಯಲ್ಲಿ ಬೆಂಗಳೂರಿನಿಂದ ಸಂಸ್ಕರಿಸಿದ ಕೊಳಚೆ ನೀರು ಕಂದವಾರ ಕೆರೆಗೆ ಬರುತ್ತದಲ್ಲ, ಅದನ್ನೇ ಟ್ಯಾಂಕರ್‌ನಲ್ಲಿ ತುಂಬಿಸಿ ತಂದರೆ ಹೇಗೆ ಎಂದರು ಅಧ್ಯಕ್ಷರು. ಅದು ಅಂತರ್ಜಲ ಏರಲಿ ಎಂದು ಕೆರೆಗೆ ಬಿಡುವ ನೀರು, ಮಕ್ಕಳು ಬರಿಗಾಲಲ್ಲಿ ಆಡುವ ಹುಲ್ಲಿಗೆ ಎರಚುವುದಲ್ಲ ಎಂದು ಅಲ್ಲಿಗೇ ತಡೆದೆ.

ಆದರೆ ನೀರು ಕಮ್ಮಿ ಎಂಬುದಷ್ಟೇ ಕಾರಣವಾಗಿದ್ದರೆ ಹುಲ್ಲು ಎಲ್ಲ ಕಡೆ ಒಂದೇ ಸಮ ಒಣಗಬೇಕಿತ್ತು. ಇಲ್ಲಿ ಪೂರ್ವದ ಬೇಲಿ ಕಡೆ ಬೂದಿ ಬಣ್ಣ, ಪಶ್ಚಿಮದ ಗೋಡೆ ಕಡೆ ಅಲ್ಲಲ್ಲಿ ಹಸಿರು ಎಳೆ. ಬೇಲಿಯಾಚೆ ಪಕ್ಕದ ಜಮೀನಿನವರ ನೀಲಗಿರಿ, ಎರಡು ಸಾಲು, ಮೂವತ್ತರ ಮೇಲೆ ಮರ.

"ಅಕ್ಕ, ಗುದ್ದಲಿ ಐತಾ?"

"ಐತೆ ಸಾರ್. ಎಲ್ಲಿ ಅಗೀಬೇಕು?"

ಬೇಲಿಯಿಂದ ಇಪ್ಪತ್ತು ಅಡಿ ಒಳಗೆ, ಹುಲ್ಲಿನ ನಡುವೆ ಒಂದು ಗುಂಡಿ ತೋಡಿಸಿದೆ. ಮೇಲೆ ಎರಡಂಗುಲ ಗುತ್ತಿಗೆದಾರ ಹರಡಿದ ಕೆಂಪು ಮಣ್ಣು. ಅದರ ಕೆಳಗೆ ಕಟ್ಟಡದ ಜಲ್ಲಿ, ಸುಣ್ಣದ ಹೆಂಟೆ. ಹೊಸ ಕೊಠಡಿ ಕಟ್ಟಿದಾಗ ಉಳಿದದ್ದನ್ನು ಅಲ್ಲೇ ಮುಚ್ಚಿದ್ದರು. ಒಂದೂವರೆ ಅಡಿಗೆ ಹೋದಾಗ ಗುದ್ದಲಿಗೆ ಏನೋ ತಡೆಯಿತು. ಕೈ ಹಾಕಿ ಮಣ್ಣು ಬಿಡಿಸಿದರೆ ಹೆಬ್ಬೆರಳು ದಪ್ಪದ ಬೇರು, ಅದರಿಂದ ಕವಲೊಡೆದ ನೂಲಿನಂಥ ನೂರಾರು ಸಣ್ಣ ಬೇರು. ಕಿತ್ತು ಮೂಗಿಗೆ ಹಿಡಿದೆ, ಅಮೃತಾಂಜನ ಡಬ್ಬಿ ತೆರೆದ ಹಾಗೆ ವಾಸನೆ. ಬೆಳಿಗ್ಗೆ ಅಕ್ಕ ಹುಲ್ಲಿಗೆ ಬಿಟ್ಟ ನೀರನ್ನು ಮಧ್ಯಾಹ್ನಕ್ಕೆ ಪಕ್ಕದವರ ಮರ ಕುಡಿದು ಮುಗಿಸುತ್ತಿತ್ತು.

ಮೂರು ತಪ್ಪು ಒಂದರ ಮೇಲೊಂದು ಕೂತಿದ್ದವು. ಕಾಲ ತಪ್ಪಿ ಹಾಸಿದ ಹುಲ್ಲು, ಜಲ್ಲಿಯ ಮೇಲೆ ಎರಡಂಗುಲ ಮಣ್ಣು, ಪಕ್ಕದಲ್ಲಿ ನೀಲಗಿರಿ. ಸವುಳು ನೀರಿನಿಂದ ಗುಲಾಬಿ ಎಲೆಯ ಅಂಚು ಸುಟ್ಟದ್ದು, ಕಾರಂಜಿಯ ಮೋಟರು ಎರಡು ಸಲ ಸುಟ್ಟದ್ದು ಇವೆಲ್ಲ ಚಿಲ್ಲರೆ.

ಬೆಟ್ಟದ ಮೇಲಿನ ತೋಟದಿಂದ ಇಳಿದು ಬಂದ ಮರ

ಆ ಗುಂಡಿಯ ಪಕ್ಕ ಬೇರು ಹಿಡಿದು ನಿಂತಾಗ ಎದುರಿಗೆ ನಂದಿಬೆಟ್ಟ ಕಾಣುತ್ತಿತ್ತು. ಈ ಮರದ ಮೂಲವೂ ಅಲ್ಲೇ, ಇನ್ನೊಬ್ಬ ದೊರೆಯ ಮನೆ ತೋಟದಲ್ಲಿ.

1790ರ ಸುಮಾರಿಗೆ ಟಿಪ್ಪು ಸುಲ್ತಾನ್ ನಂದಿಬೆಟ್ಟದ ತನ್ನ ಬೇಸಿಗೆ ಅರಮನೆಯ ತೋಟದಲ್ಲಿ ನೀಲಗಿರಿ ನೆಡಿಸಿದ, ಭಾರತದಲ್ಲಿ ಅದೇ ಮೊದಲು ಎಂದು ಅರಣ್ಯಶಾಸ್ತ್ರದ ಬರಹಗಳು ಹೇಳುತ್ತಾ ಬಂದಿವೆ. ಹದಿನಾರು ಜಾತಿ ಎಂಬ ಲೆಕ್ಕವೂ ಜೊತೆಗಿದೆ. ನನಗೆ ಇದರಲ್ಲಿ ಸಣ್ಣ ಅನುಮಾನವಿದೆ. ಬ್ರಿಟಿಷರು ಸಿಡ್ನಿಯಲ್ಲಿ ನೆಲೆಯೂರಿದ್ದೇ 1788ರಲ್ಲಿ. 1791ರ ಅಕ್ಟೋಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಪಡೆ ನಂದಿದುರ್ಗವನ್ನು ಹಿಡಿಯಿತು. ನಡುವೆ ಇರುವುದು ನಾಲ್ಕು ವರ್ಷಕ್ಕೂ ಕಮ್ಮಿ. ಟಿಪ್ಪುವಿನ ರಾಯಭಾರಿಗಳು 1788ರಲ್ಲಿ ಫ್ರಾನ್ಸಿನ ದೊರೆಯನ್ನು ಕಂಡದ್ದು ನಿಜ. ಲಾಲ್‌ಬಾಗ್ ಕಟ್ಟಿದ ಹೈದರನ ಮಗ ಗಿಡಗಳ ಹುಚ್ಚಿನಲ್ಲಿ ಅಪ್ಪನಿಗೆ ಕಡಿಮೆಯಿರಲಿಲ್ಲ. ಅಸಾಧ್ಯವಲ್ಲ, ಆದರೆ ಸಮಯ ಬಹಳ ಇಕ್ಕಟ್ಟು. ತಂದವರು ಯಾರೇ ಆಗಲಿ, 'ಮೈಸೂರು ಗಮ್' ಎಂದು ದೇಶವೆಲ್ಲ ಹರಡಿದ ತಳಿಯ ಬೀಜ ಹೊರಟದ್ದು ನಂದಿಬೆಟ್ಟದ ಮರಗಳಿಂದಲೇ, ಅದರಲ್ಲಿ ತಕರಾರಿಲ್ಲ.

ಬೆಟ್ಟದ ಮೇಲಿನ ಆವರಣ ಆಮೇಲೂ ದೊಡ್ಡವರ ಮನೆಯಾಗಿಯೇ ಉಳಿಯಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆಗೆ ಅಲ್ಲಿ ಬಂಗಲೆ ಮಾಡಿಕೊಂಡರು. 1927ರಲ್ಲಿ ಆರೋಗ್ಯ ಕೆಟ್ಟ ಗಾಂಧೀಜಿ ಅಲ್ಲಿ ವಾರಗಟ್ಟಲೆ ವಿಶ್ರಾಂತಿ ಪಡೆದರು, 1936ರಲ್ಲಿ ಮತ್ತೆ ಬಂದರು. ನೆಹರೂ ಹೆಸರಿನ ನಿಲಯ ಈಗಲೂ ಇದೆ. 1986ರ ನವೆಂಬರ್‌ನಲ್ಲಿ ಬೆಂಗಳೂರಿನ ಸಾರ್ಕ್ ಸಮ್ಮೇಳನಕ್ಕೆ ಬಂದ ದೇಶನಾಯಕರನ್ನೂ ಅಲ್ಲಿಗೇ ಕರೆದೊಯ್ದರು. ತಂಪು, ಮಂಜು, ಎತ್ತರದ ಮರ, ಅಮೃತ ಸರೋವರ ಎಂಬ ಕಲ್ಯಾಣಿ. ದೆಹಲಿಯವರು 2023ರಲ್ಲಿ ಇಟ್ಟ ಹೆಸರು ನಮ್ಮ ಬೆಟ್ಟದ ನೀರಿಗೆ ಮೊದಲೇ ಇತ್ತು. ಇದೇ ಬೆಟ್ಟಸಾಲಿನಲ್ಲಿ ಅರ್ಕಾವತಿ, ಪಿನಾಕಿನಿಯಂಥ ನದಿಗಳು ಹುಟ್ಟುತ್ತವೆ ಎಂದು ಮೂರನೇ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೆವು. ಹರಿಯುವುದನ್ನು ಕಂಡವರು ಮಾತ್ರ ನಮ್ಮ ಅಜ್ಜಿ ತಾತಂದಿರು.

ತೋಟದ ಮರ ತೋಟದಲ್ಲೇ ಇದ್ದಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಎಂದು ಸಸಿಗಳನ್ನು ಹಂಚಿದಾಗ ಕೋಲಾರ ಜಿಲ್ಲೆಯ (ಚಿಕ್ಕಬಳ್ಳಾಪುರ ಆಗ ಅದರೊಳಗೇ ಇತ್ತು, ಬೇರೆಯಾದದ್ದು 2007ರಲ್ಲಿ) ರಾಗಿ ಹೊಲಗಳು ನೀಲಗಿರಿ ತೋಪಾದವು. ಆಳು ಬೇಡ, ಕಾವಲು ಬೇಡ, ದನ ಮೇಯಲ್ಲ, ಕಡಿದರೆ ಮತ್ತೆ ಚಿಗುರುತ್ತದೆ. ಆಗ ಇಲಾಖೆಗೆ ಹೊಸದಾಗಿ ಸೇರಿದ್ದ ನನಗೂ ಅದು ಒಳ್ಳೆಯದಾಗಿಯೇ ಕಂಡಿತ್ತು. ತುಮಕೂರು ಜಿಲ್ಲೆಯ ರೈತರಿಗೆ ನಮಗಿಂತ ಮೊದಲೇ ಬುದ್ಧಿ ಬಂದಿತ್ತು: 1983ರಲ್ಲಿ ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತುಹಾಕಿ, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿ ಬಂದರು. ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಶಾಲೆಯ ಬೇಲಿಯಾಚೆಯ ಸಾಲು ಅದಕ್ಕೂ ಹಿಂದಿನದು.

ಹೀಗೆ ಈ ಅಂಗಳದಲ್ಲಿ ಎರಡು ಅರಮನೆ ತೋಟಗಳು ಮುಖಾಮುಖಿಯಾಗಿದ್ದವು. ಒಂದು ಇನ್ನೂರು ಚಿಲ್ಲರೆ ವರ್ಷದ ಹಿಂದೆ ಬೆಟ್ಟದಿಂದ ಇಳಿದದ್ದು, ಇನ್ನೊಂದು ಮೊಬೈಲ್‌ನಲ್ಲಿ ಬಂದದ್ದು. ಮೊದಲನೆಯದು ಎರಡನೆಯದನ್ನು ಕುಡಿದುಹಾಕಿತ್ತು.

ಸಮಿತಿ ಸಭೆ

ಮೇ ತಿಂಗಳಲ್ಲಿ ಸಭೆ. ನನ್ನ ಸಲಹೆ: ಹುಲ್ಲನ್ನು ಮೂರರಲ್ಲಿ ಒಂದು ಪಾಲಿಗೆ ಇಳಿಸಿ, ಅದೂ ಗರಿಕೆ. ಉಳಿದ ಜಾಗದಲ್ಲಿ ಬಿಸಿಯೂಟಕ್ಕೆ ಸೊಪ್ಪು, ತರಕಾರಿ. ಬೇಲಿ ಪಕ್ಕ ಕಂದಕ. ಕಾಲುವೆಗೆ ಚಾವಣಿ ನೀರು.

ಅಧ್ಯಕ್ಷರ ಮುಖ ಚಿಕ್ಕದಾಯಿತು. "ಏನ್ ಸಾರ್, ರಾಷ್ಟ್ರಪತಿ ಭವನದ ಥರ ಮಾಡಾಣ ಅಂತ ದುಡ್ಡೆತ್ತಿದ್ದೀವಿ. ಶಾಲೆ ಮುಂದೆ ದಂಟಿನ ಸೊಪ್ಪು ಹಾಕಿದ್ರೆ ಕೊಟ್ಟೋರು ಏನಂತಾರೆ?"

"ಅಧ್ಯಕ್ಷರೇ, ರಾಷ್ಟ್ರಪತಿ ಭವನದಲ್ಲೇ ಹಾಕಿದ್ರು" ಅಂದೆ.

1948ರ ಜೂನ್‌ನಲ್ಲಿ ರಾಜಾಜಿ ಗವರ್ನರ್ ಜನರಲ್ ಆಗಿ ಆ ಮನೆಗೆ ಹೋದರು. ನಮ್ಮವರೇ ಅನ್ನಬೇಕು, ಹುಟ್ಟಿದ್ದು ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ, ಮಾಲೂರಿನಿಂದ ಗಡಿ ದಾಟಿದರೆ ಸಿಗುವ ಊರು, ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ದೇಶದಲ್ಲಿ ಆಹಾರಕ್ಕೆ ತತ್ವಾರ. ರಾಜಾಜಿ ಆ ಆವರಣದ ಒಂದು ಭಾಗವನ್ನು ತಾವೇ ನೇಗಿಲು ಹಿಡಿದು ಉತ್ತು, ಧಾನ್ಯ ಬೆಳೆಸಿದರು. ಆ ಜಾಗದಲ್ಲಿ ಈಗ ದಾಲಿಖಾನಾ ಎಂದು ಕರೆಯುವ ತರಕಾರಿ ತೋಟವಿದೆ, ಭವನದ ಅಡುಗೆಮನೆಗೆ ಅಲ್ಲಿಂದಲೇ ತರಕಾರಿ.

"ಅದು ಹಿಂದ್ಗಡೆ ಇರ್ತದೆ, ಮುಂದ್ಗಡೆ ಅಲ್ಲ," ಅಂದರು ಖಜಾಂಚಿ. ಮಾತಿನಲ್ಲಿ ಸತ್ಯವಿತ್ತು.

ಅದಕ್ಕೆ ಅಮೆರಿಕಕ್ಕೆ ಹೋಗಬೇಕಾಯಿತು. ಶ್ವೇತಭವನದ ಸುತ್ತ ಹದಿನೆಂಟು ಎಕರೆ. 1800ರಲ್ಲಿ ಮೊದಲು ಅಲ್ಲಿ ವಾಸಕ್ಕೆ ಬಂದ ಜಾನ್ ಆಡಮ್ಸ್ ಮಾಡಿಸಲು ಹೊರಟದ್ದೇ ತರಕಾರಿ ತೋಟವನ್ನು. ಚುನಾವಣೆ ಸೋತು, ಕೊಯ್ಲಿಗೆ ಮುಂಚೆಯೇ ಗಂಟುಮೂಟೆ ಕಟ್ಟಿದರು. 1918ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಹುಲ್ಲು ಕತ್ತರಿಸಲು ಆಳು ಉಳಿಸಬೇಕೆಂದು ಅಧ್ಯಕ್ಷ ವಿಲ್ಸನ್ ಕುರಿ ಬಿಟ್ಟರು. ಉಣ್ಣೆ ಹರಾಜು ಹಾಕಿ ರೆಡ್‌ಕ್ರಾಸ್‌ಗೆ 52,000 ಡಾಲರಿಗೂ ಹೆಚ್ಚು ಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಎಲಿನಾರ್ ರೂಸ್‌ವೆಲ್ಟ್ ತರಕಾರಿ ಹಾಕಿಸಿದರು. 2009ರಲ್ಲಿ ಮಿಶೆಲ್ ಒಬಾಮ ದಕ್ಷಿಣದ ಹುಲ್ಲುಹಾಸನ್ನೇ ಅಗೆಸಿ, ಶಾಲೆ ಮಕ್ಕಳನ್ನು ಕರೆದು, 1,100 ಚದರ ಅಡಿಯಲ್ಲಿ ಸೊಪ್ಪು-ತರಕಾರಿ ನೆಡಿಸಿದರು. ಬೀದಿಯಿಂದ ಬೇಲಿಯ ಸಂದಿಯಲ್ಲಿ ನೋಡಿದರೂ ಕಾಣುವ ಜಾಗ.

ಕುರಿ ಎಂದಾಗ ಸಭೆ ನಕ್ಕಿತು. ಬಾಗೇಪಲ್ಲಿ ಕಡೆಯಿಂದ ಬಂದು ನೆಲೆಸಿದ ಸದಸ್ಯರೊಬ್ಬರು, "ನಮ್ಮ ಹಟ್ಟಿಯಿಂದ ಇಪ್ಪತ್ತು ಕುರಿ ತಂದ್ ಬಿಡ್ತೀನಿ ಬಿಡಿ ಸಾರ್" ಅಂದರು. ಅಧ್ಯಕ್ಷರು ನಗಲಿಲ್ಲ, ಆದರೆ ಅವರ ಮನಸ್ಸು ಅಲ್ಲಿ ಸಡಿಲಗೊಂಡಿತು. ಧಾನ್ಯ, ಕುರಿ, ಸೊಪ್ಪು ಇವೆಲ್ಲ ಆಳುವವರ ಮನೆಯಂಗಳದಲ್ಲೇ ಆಗಿಹೋದದ್ದು ಎಂದಾಗ ಚಂದಾ ಕೊಟ್ಟವರ ಮುಂದೆ ತಲೆಯೆತ್ತಿ ಹೇಳಲು ಒಂದು ಮಾತು ಸಿಕ್ಕಿತಲ್ಲ! ನನಗೂ ಅಷ್ಟೇ ಬೇಕಿತ್ತು. ಈಗಿದ್ದರೆ ಇನ್ನೊಂದು ಉದಾಹರಣೆ ಕೊಡುತ್ತಿದ್ದೆ. 1913ರಲ್ಲಿ ಎಲೆನ್ ವಿಲ್ಸನ್ ಶುರು ಮಾಡಿದ, 1962ರಲ್ಲಿ ಕೆನಡಿಯವರು ಹೊಸದಾಗಿ ಮಾಡಿಸಿದ ಅಲ್ಲಿಯ ಗುಲಾಬಿ ತೋಟದ ನಡುವಿನ ಹುಲ್ಲನ್ನು 2025ರಲ್ಲಿ ಕಿತ್ತು ಕಲ್ಲು ಹಾಸಿದರು. ಹೆಂಗಸರ ಎತ್ತರದ ಹಿಮ್ಮಡಿ ಚಪ್ಪಲಿ ಮಣ್ಣಲ್ಲಿ ಹೂತುಹೋಗುತ್ತದೆ ಎಂಬ ಕಾರಣ ಕೊಟ್ಟರು. ನನಗೆ ಆ ಕೆಲಸ ಇಷ್ಟವಾಗಲಿಲ್ಲ, ಅದು ಬೇರೆ ಮಾತು.

ಒಂದು ವಿಷಯದಲ್ಲಿ ಅಧ್ಯಕ್ಷರು ಜಪ್ಪಯ್ಯ ಅಂದರೂ ಜಗ್ಗಲಿಲ್ಲ: ಕಾರಂಜಿ ಒಡೆಯಕೂಡದು. ಬಿಟ್ಟುಕೊಟ್ಟೆ.

ಕೆಲಸ

ಜೂನ್ ಮೊದಲ ಮಳೆ ಬಿದ್ದ ಮೇಲಷ್ಟೇ ಕೈ ಹಾಕಿದ್ದು. ಮೊದಲು ಜೆಸಿಬಿಯಲ್ಲಿ ಬೇಲಿಯುದ್ದಕ್ಕೂ ಮೂರೂವರೆ ಅಡಿ ಆಳದ ಕಂದಕ. ಬಕೆಟ್ಟಿಗೆ ಬೇರು ಸಿಕ್ಕಿ ಪಟಪಟ ಹರಿಯುವ ಸದ್ದು ಕೇಳಲು ಮಕ್ಕಳು ಕಿಟಕಿಗೆ ಬಂದು ನಿಂತರು. ಜಲ್ಲಿ ತೆಗೆಸಿ, ಒಂದಡಿ ಕೆರೆಗೋಡು ಮಣ್ಣು, ಕೊಟ್ಟಿಗೆ ಗೊಬ್ಬರ. ಕೆರೆ ಏರಿಯ ಗರಿಕೆಯನ್ನು ಬೇರು ಸಮೇತ ಕಿತ್ತು ತಂದು, ಬೆರಳುದ್ದ ಕತ್ತರಿಸಿ, ಗೇಣಿಗೊಂದರಂತೆ ಊರಿದೆವು. ಲಾರಿ ಹುಲ್ಲಿಗೆ ಕೊಟ್ಟ ದುಡ್ಡು ನೆನಪಾಗಿ ಖಜಾಂಚಿಯವರು ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ ಎಂದು ಹೆಡ್‌ಮಾಸ್ಟರು ನಗೆಯಾಡಿದರು.

ಶಾಲೆಯ ಚಾವಣಿ 3,000 ಚದರ ಅಡಿ. ಹತ್ತು ಮಿಲಿಮೀಟರ್ ಮಳೆ ಬಂದರೆ, ಸೋರಿದ್ದು ಚೆಲ್ಲಿದ್ದು ಕಳೆದು, ಸುಮಾರು 2,200 ಲೀಟರ್ ಸಿಗಬೇಕು. ಪೈಪು ಇಳಿಸಿ ಅದೇ ಸಿಮೆಂಟ್ ಕಾಲುವೆಗೆ ತಂದು, ಕಾಲುವೆಯ ತುದಿಯಲ್ಲಿ ಜಲ್ಲಿ-ಮರಳಿನ ಗುಂಡಿ ಮಾಡಿ, ಅಲ್ಲಿಂದ ನೆಲದೊಳಗಿನ ನೀರಿನ ತೊಟ್ಟಿಗೆ. ಮೊದಲ ಸಲ ಕಾಲುವೆಯಲ್ಲಿ ನೀರು ಹರಿದದ್ದು ಜುಲೈನ ಒಂದು ಸಂಜೆ, ಯಾವ ಮೋಟರೂ ಇಲ್ಲದೆ. ಇಳಿಜಾರು ಒಂದು ಕಡೆ ತಪ್ಪಿ ನೀರು ಕಾರಂಜಿಯ ಹತ್ತಿರ ನಿಂತುಬಿಟ್ಟಿತು. ಮಾರನೆಯ ದಿನ ಮೇಸ್ತ್ರಿಯನ್ನು ಕರೆಸಿ ಉಳಿ ಹೊಡೆಸಿ ಸರಿಮಾಡಿದೆವು.

ಗುಲಾಬಿಗೆ ಚಿಕ್ಕಬಳ್ಳಾಪುರದ ರೈತರು ಮಾರ್ಕೆಟ್ಟಿಗೆ ಬೆಳೆಯುವ ಮೆರಾಬುಲ್ ಗಿಡವನ್ನೇ ಹತ್ತು ತಂದು ಹಾಕಿದೆ. ದೆಹಲಿ ತೋಟದಲ್ಲಿ ಮದರ್ ತೆರೇಸಾ, ಅರ್ಜುನ, ಭೀಮ ಎಂದೆಲ್ಲ ಹೆಸರಿನ ಗುಲಾಬಿಗಳಿವೆ. ಇಲ್ಲಿಯ ಹತ್ತಕ್ಕೆ ಎಂಟನೇ ತರಗತಿಯವರು ತಮ್ಮ ಮೇಷ್ಟ್ರುಗಳ ಹೆಸರಿಟ್ಟಿದ್ದಾರೆ, ಯಾವುದಕ್ಕೆ ಮುಳ್ಳು ಜಾಸ್ತಿ ಎಂಬ ಚರ್ಚೆ ನಡೆಯುತ್ತಿರುತ್ತದೆ. ಅಲ್ಲಿ ಕೊಡೆಯಂತೆ ಕತ್ತರಿಸಿ ನಿಲ್ಲಿಸಿರುವ ಮೌಲ್ಸರಿ ಮರವೆಂದರೆ ನಮ್ಮ ಬಕುಳ. ಆರು ಸಸಿ ನೆಟ್ಟಿದ್ದೇವೆ. ಕೊಡೆಯಾಗಲು ಹದಿನೈದು ವರ್ಷವಾದರೂ ಬೇಕು, ಆಗ ನೋಡಲು ನಾನಿರುವುದಿಲ್ಲ.

ಸೆಪ್ಟೆಂಬರ್‌ನಲ್ಲಿ ಗೌರಿ-ಗಣೇಶ ಬಂತು. ಹಬ್ಬದ ಹಿಂದಿನ ಸಂಜೆ ಹೆಡ್‌ಮಾಸ್ಟರು ಫೋನ್ ಮಾಡಿದರು. "ಸಾರ್, ಊರವರೆಲ್ಲ ಲಾನ್‌ಗೆ ನುಗ್ಗಿ ಗರಿಕೆ ಕೀಳ್ತಾವ್ರೆ. ಇಪ್ಪತ್ತೊಂದು ಬೇಕಂತೆ ಒಬ್ಬೊಬ್ಬರಿಗೆ. ಬೋರ್ಡ್ ಹಾಕಿಸ್ಲಾ?"

ಬೇಡವೆಂದೆ. ದೆಹಲಿಯಲ್ಲಿ ವರ್ಷಕ್ಕೊಮ್ಮೆ ಪೂರ್ತಿ ಕೀಳುತ್ತಾರೆ, ನಮ್ಮಲ್ಲಿ ಗಣಪತಿ ಹೆಸರಲ್ಲಿ ತುದಿ ಕತ್ತರಿಸಿಕೊಂಡು ಹೋಗುತ್ತಾರೆ, ಮಿಷನ್ ಬಾಡಿಗೆ ಉಳಿಯಿತು.

ಎಲ್ಲ ಸರಿಹೋಯಿತೆಂದಲ್ಲ. ಸೊಪ್ಪು ಚೆನ್ನಾಗಿ ಬಂದರೂ ದಸರಾ ರಜೆಯಲ್ಲಿ ಯಾರೂ ನೋಡದೆ ಹೂ ಬಿಟ್ಟು ಹಾಳಾಯಿತು. 2025ರ ಏಪ್ರಿಲ್‌ನಲ್ಲಿ ಗರಿಕೆ ಒಣಗಿ ಬಿಳಿಚಿತು. ನೀರು ಹಾಕಬೇಡಿ ಎಂದು ಗಟ್ಟಿಯಾಗಿ ಹೇಳಿದ್ದೆ, ಅಧ್ಯಕ್ಷರಿಗೆ ತಡೆಯಲಾಗದೆ ಎರಡು ಟ್ಯಾಂಕರ್ ಹಾಕಿಸಿದರು. ಹಾಕಿಸದಿದ್ದರೂ ಮೇ ತಿಂಗಳ ಮಳೆಗೆ ಚಿಗುರುತ್ತಿತ್ತು. ಪಕ್ಕದ ಜಮೀನಿನವರು ನೀಲಗಿರಿ ಕಡಿಸಿದ್ದಾರೆ, ಆದರೆ ಬುಡ ಕೀಳಿಸಿಲ್ಲ. ಕಳೆದ ಸಲ ಹೋದಾಗ ಅಕ್ಕ ಕಂದಕದಲ್ಲಿ ಇಳಿದು ನಿಂತಿದ್ದರು, ಸೊಂಟದವರೆಗೆ ಕಾಣುತ್ತಿರಲಿಲ್ಲ.

"ಏನಕ್ಕಾ?"

"ಬೇರು ಸಾರ್. ಆಚೆಯಿಂದ ಮತ್ತೆ ಬಂದೈತೆ," ಎಂದು ಪೆನ್ಸಿಲ್ ದಪ್ಪದ ಒಂದು ತುಂಡನ್ನು ಮೇಲಕ್ಕೆ ಎಸೆದರು.